ಕ್ಯಾನಿನಲ್ಲಿ ಹೊಳೆ

ಕಟ್ಟಿನಹೊಳೆಯಲ್ಲಿ ತೀರ್ಥಪ್ಪ
ರೇಡಿಯೇಟರಿಗೆಂದು ಮೊಗೆದ ನೀರಲ್ಲಿ
ಒಂದು ಹುಳ ಬಂತು,
ನೀರ ಮೇಲೆ ನಡೆಯುವ ಜಾತಿ.
ಹೊಳೆಯ ತಳದಲ್ಲಿ ಅದರ ನೆರಳಿಗೆ
ಕಾಸಿನಗಲ ಪಾದಗಳಿದ್ದವು;
ಕ್ಯಾನಿನಲ್ಲಿ ನೆರಳೇ ಇಲ್ಲ.

ಜೀಪು ಕೊಡಚಾದ್ರಿ ಹತ್ತಿತು,
ನನ್ನ ಮೊಣಕಾಲುಗಳ ನಡುವೆ ಕ್ಯಾನು ತುಳುಕುತ್ತ.
ತುದಿಯಲ್ಲಿ ಗಾಳಿ ಎಂಥದ್ದೆಂದರೆ
ಹಳದಿ ಚಿಟ್ಟೆಯೊಂದು
ಮುಂದೆ ಹಾರುತ್ತಲೇ ಹಿಂದೆ ಹೋಗುತ್ತಿತ್ತು,
ಮತ್ತೆ ಅದೇ ಕಲ್ಲಿಗೆ ಬರುತ್ತಿತ್ತು.

ಹುಳ ಕಾಲೂರಿದರೆ
ನೀರು ತಗ್ಗುತ್ತದೆ, ಹರಿಯದು.
ಚಿಟ್ಟೆಯ ಕಾಲಡಿ ಏನೂ ಇಲ್ಲ,
ಅದೂ ಬೀಳದು.
ಯಾವುದರದು ಹೆಚ್ಚಿನ ಧೈರ್ಯ, ಕೇಳಿದೆ.

"ಎರಡೂ ಒದ್ದೆಯಾದ್ರೆ ಮುಗೀತು" ಅಂದ ತೀರ್ಥಪ್ಪ,
ಅರ್ಧ ಕ್ಯಾನು ಹುಯ್ದ,
ಉಳಿದದ್ದನ್ನು ಮುಚ್ಚಿಟ್ಟ.
ಇಳಿಯುವಾಗ ಹೊಳೆಗೆ ಬಿಡಬೇಕಂತೆ.

ಚೆಲ್ಲಿದ ಹನಿಗೆ
ಚಿಟ್ಟೆ ಬಂದು ಕೂತಿತು,
ಹೊಳೆಯನ್ನು ಕುಡಿಯಿತು.