ಪಾವು ಕಡಿಮಿ

ಕಲಬುರ್ಗಿ ಸೂಪರ್ ಮಾರ್ಕೆಟ್‌ನ ಅಂಗಡಿಯಾಗ
ಎಸಿ ಗಾಳಿಗೆ ಸೆರಗು ಹೊದ್ದು ನಿಂತಾಳ ಕಾಶಮ್ಮತ್ತಿ,
ದಾಲ್‌ಮಿಲ್ಲಿನ ಹಳದಿ ಧೂಳು ಇನ್ನೂ ಹುಬ್ಬಿನಾಗ.

ಹುಡುಗ ಹೇಳತಾನ: ಡೆಲ್ ಗಟ್ಟಿ, ಎಚ್‌ಪಿ ಸರ್ವಿಸ್ ಛಲೋ,
ಲೆನೊವೊದ ಕೀಲಿ ಬೆರಳಿಗೆ ಮೆತ್ತಗ.
ರ‍್ಯಾಮು, ಎಸ್‌ಎಸ್‌ಡಿ, ಕಂತು...
ನಾ ಬರಕೊಂಡು ಬಂದಿದ್ದೆಲ್ಲ ಕಲಸಿ ಹೋತು.

ಅತ್ತಿ ಒಂದೊಂದೇ ಎತ್ತಿದಳು
ಅಂಗೈ ಮ್ಯಾಲ, ಕಣ್ಣು ಮುಚ್ಚಿ.
ತೊಗರಿ ಚೀಲದಾಗ ಮುಷ್ಟಿ ಕಮ್ಮಿ ಬಿದ್ರೂ
ಹಿಡಿಯೋ ಕೈ ಅದು.

"ಇದು ಒಂದೂವರಿ ಕಿಲೋ.
ಇದು ಎರಡಕ್ಕ ಪಾವು ಕಡಿಮಿ.
ಕೋರ್ಟಿನ ಮುಂದ ಬೇವಿನ ಕೆಳಗ ಕುಂತು
ಅರ್ಜಿ ಬಡಿಯಾಕಿ ನೀನು,
ದಿನಾ ಹೆಗಲಿಗೆ ಹಾಕ್ಕೊಳ್ಳಾಕಿ."

ಹಗುರಾದ್ದಕ್ಕ ರೇಟು ಜಾಸ್ತಿ.
ನಾ ಸುಮ್ಮನಾದೆ.

ಅತ್ತಿ ಗಂಟು ಬಿಚ್ಚಿದಳು.
ಹುಡುಗ ನೋಟು ಎರಡು ಸಲ ಎಣಿಸಿದ,
ಮೂರನೇದಕ್ಕ
ಸೀನಿದ.