ಉಗುರು

ಐನೂರು ಕರಪತ್ರ, ತೆಳು ಗುಲಾಬಿ ಹಾಳೆ,
ಮೇಲೆ ಎರಡು ಸುತ್ತು ರಬ್ಬರ್ ಬ್ಯಾಂಡು.
'ಕತ್ತಲಿಂದ ಬೆಳಕಿಗೆ' ಎಂದು ದಪ್ಪಕ್ಷರ.
ಭಾನುವಾರದೊಳಗೆ ಹಂಚಿ ಬಾ ಅಂದಿದ್ದರು
ಸತ್ಯಮಿತ್ರ ಅಯ್ಯನವರು.

ಗುಳೇದಗುಡ್ಡದ ಬಸ್ ನಿಲ್ದಾಣದಲ್ಲಿ
ಹನ್ನೊಂದು ಕೊಟ್ಟೆ.
ಬಾದಾಮಿ ಬಸ್ಸು ಹೋದ ಮೇಲೆ
ಒಂಬತ್ತು ನೆಲದಲ್ಲಿ ಸಿಕ್ಕವು.
ಒಂದೊಂದನ್ನೇ ಆಯ್ದು, ಟೈರಿನ ಗುರುತು ಒರೆಸಿ,
ಮತ್ತೆ ಕಟ್ಟಿಗೆ ಸೇರಿಸಿದೆ.
ಹದಿನಾರರ ವಯಸ್ಸು. ಕಿವಿ ಕಾದಿದ್ದವು.

ಅವ್ವ ಏನೂ ಕೇಳಲಿಲ್ಲ.
'ಬಾ, ಕೊಡ ಹಿಡಿ' ಅಂದಳು.
ಶನಿವಾರ; ನಳ ಬಂದು ಆರು ದಿನ.
ನಮ್ಮ ಪಾಲಿನ ನೀರಿನಲ್ಲಿ ಅರ್ಧ ಕೊಡ
ಬಾಳವ್ವನ ಕಾಲಿಗೆಂದೇ ತೆಗೆದಿಟ್ಟಿದ್ದಳು.

ಬಾಳವ್ವ ಅರವತ್ತು ವರ್ಷ ಖಣ ನೆಯ್ದವಳು.
ಈಗ ಆನೆಹೆಜ್ಜೆಯನ್ನು ಬೆರಳಿಂದ ಗುರುತಿಸುತ್ತಾಳೆ,
ಮಂದಿಯನ್ನು ದನಿಯಿಂದ,
ನನ್ನ ಅವ್ವನನ್ನು ಚಪ್ಪಲಿಯ ಸಪ್ಪಳದಿಂದ.
'ಬಂದ್ಯಾ ಲುದ್ದವ್ವಾ?'
ಲುದ್ಯ ಎಂಬ ಹೆಸರು
ಈ ಓಣಿಯ ಬಾಯಲ್ಲಿ ಸವೆದೂ ಸವೆದೂ
ಹಾಗೆ ನುಣ್ಣಗಾಗಿದೆ.

ಮಿಷನ್ ದವಾಖಾನೆಯಲ್ಲಿ ಆಯಾ ಆಗಿದ್ದ ಕೈ,
ಮೊದಲು ಪಾದ ನೆನೆಸುತ್ತದೆ. ಅವಸರವಿಲ್ಲ.
ಮಗ್ಗದ ಕುಣಿಯಲ್ಲಿ ಆಯುಷ್ಯ ತುಳಿದ ಹಿಮ್ಮಡಿ,
ಹುಣಸೆಬೀಜದಷ್ಟು ಗಟ್ಟಿ ಉಗುರು.
ಕತ್ತರಿ ಟಕ್ ಅಂದಾಗೊಮ್ಮೆ ಒಂದು ಚೂರು ಎಲ್ಲಿಗೋ ಹಾರುತ್ತದೆ.
'ಕಾಗದ ಹಾಸೋ. ನೆಲಕ್ಕ ಬಿದ್ರ ಆಕಿಗೇ ಚುಚ್ಚತಾವು.'

ನನ್ನ ಹತ್ತಿರ ಬೇರೆ ಕಾಗದ ಇರಲಿಲ್ಲ.

ಬೆಳಕಿನ ಮೇಲೆ ಉಗುರು ಉದುರಿದವು.

'ಹೊಸಾ ಕಾಗದದ ಸಪ್ಪಳ ಇದು.
ಏನ್ ಬರದಾರ? ಓದ್ ತಮ್ಮಾ.'

ಒಳಗೆ ಮಗ ಈರಣ್ಣನ ಮಗ್ಗ ನಿಂತಿತು.
ಆ ಓಣಿಯಲ್ಲಿ ಮಗ್ಗ ನಿಂತರೆ ಯಾರೋ ಸತ್ತಿದ್ದಾರೆ,
ಇಲ್ಲಾ, ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ.
ಅವ್ವನ ಮುಖ ನೋಡಿದೆ.
ಅವಳು ಕಿರುಬೆರಳಿಗೆ ಬಂದಿದ್ದಳು.

'ನಮ್ಮ ಸ್ವಾಮೀದು ಬರದಾರ್ರೀ.
ಒಂದಿನ ರಾತ್ರಿ, ಉಣ್ಣಾಕ ಕುಂತಾವ ಎದ್ದು,
ಟೊಂಕಕ್ಕ ಟವೆಲ್ ಸುತಗೊಂಡು
ಗೆಳ್ಯಾರ ಕಾಲು ತೊಳದಾ.'

ಕರಪತ್ರದಲ್ಲಿ ಅದು ಇರಲೇ ಇಲ್ಲ.
ಅಲ್ಲಿ ನರಕ ಇತ್ತು, ಲೆಕ್ಕದ ದಿನ ಇತ್ತು,
ಕೊನೆಗೆ ಒಂದು ವಿಳಾಸ.

'ಗಂಡಸು?'
'ಹೂಂರೀ, ಗಂಡಸು.'
ಬಾಳವ್ವ ನಕ್ಕಳು, ಇಲ್ಲದ ಹಲ್ಲೆಲ್ಲ ತೋರಿಸಿ.
'ಮತ್ತ ಅವನ ಕಾಲು ಯಾರ್ ತೊಳದ್ರು?'
'ಒಬ್ಬಾಕಿ ಹೆಣ್ಮಗಳ್ರೀ. ಕಣ್ಣೀರ್ಲೆ.'
'ಅಯ್ಯ ಶಿವನ! ಅಲ್ಲೂ ನಳಾ ಬರತಿದ್ದಿಲ್ಲೇನು?'

ಒಳಗೆ ಈರಣ್ಣ ಕೆಮ್ಮಿದ. ನಕ್ಕನೋ ಏನೋ.
ಮಗ್ಗ ಮತ್ತೆ ಸುರುವಾಯಿತು.

ಅವ್ವ ಪಾದಕ್ಕೆ ಕೊಬ್ಬರಿ ಎಣ್ಣೆ ತಿಕ್ಕಿದಳು.
ಬಾಳವ್ವ ಒಂದು ಕಾಲಿಂದ ಇನ್ನೊಂದನ್ನು ಸವರಿ ನೋಡಿದಳು,
ಹೊಸ ಖಣದ ಅಂಚು ನೋಡುವ ಹಾಗೆ.
ಉಗುರಿನ ಪೊಟ್ಟಣ ನನ್ನ ಕೈಗೆ ಬಂತು, ನಾಲ್ಕು ಮಡಿಕೆ.
'ಒಲಿಗೆ ಹಾಕಬ್ಯಾಡ. ಬೇವಿನ ಬುಡಕ್ಕ ಹುಗಿ.'
ಉಳಿದ ನೀರನ್ನೂ ಅಲ್ಲೇ ಹೊಯ್ದೆವು.

ಭಾನುವಾರ ಲೆಕ್ಕ ಒಪ್ಪಿಸಿದೆ:
ಉಳಿದದ್ದು ನಾಲ್ಕುನೂರಾ ತೊಂಬತ್ತೇಳು.
ಅಯ್ಯನವರು ಕನ್ನಡಕ ತೆಗೆದರು. 'ಮೂರs?'
'ಎರಡು ಬಸ್ಸಿನ್ಯಾಗ ಹೋದವ್ರೀ.'
'ಇನ್ನೊಂದು?'
'ನೆಲದಾಗ ಐತ್ರೀ.'
'ಬಿಸಾಕಿ ಹೋದ್ರೇನು?'

'ಇಲ್ರೀ' ಅಂದೆ. 'ಹುಗದೀವ್ರೀ.'