ಎರಡು ಎಡತೋಳು

ನಮ್ಮೂರ ಹೆಸರು ವೂಚ್. ದೋಣಿ ಎಂದರ್ಥ.
ಹೊಳೆಗಳನ್ನೆಲ್ಲ ನೆಲದಡಿಗೆ ಮಡಚಿ
ಮೇಲೆ ಗಿರಣಿ ಕಟ್ಟಿದ ಊರು.
ಈಗ ಆ ಗಿರಣಿಗಳೂ ಇಲ್ಲ.
ನಮ್ಮ ಬೀದಿಯ ಕೊನೆಯದು ಬಾಗಿಲು ಹಾಕಿದ ದಿನ
ತೂಕದ ಲೆಕ್ಕದಲ್ಲಿ ಮಾರಿದ ತುಂಡುಗಳ ರಾಶಿಯಲ್ಲಿ
ನನ್ನ ಕೈಗೆ ಸಿಕ್ಕಿದ್ದು ಈ ಉಣ್ಣೆ:
ಹೊರಮೈ ಪಾಚಿ, ಒಳಮೈ ಬೂದಿ,
ಎರಡು ಮೀಟರು ನಲವತ್ತು.
ಗೇಣು ಬಟ್ಟೆ ಹೆಚ್ಚಿಗೆಯಿಲ್ಲ.

ಇಪ್ಪತ್ತಾರು ವರ್ಷ ಟ್ರಾಮು ಓಡಿಸಿದ್ದೇನೆ.
ಕಂಪನಿ ಕೊಟ್ಟ ಕೋಟುಗಳೆಲ್ಲ
ಯಾವನೋ ಗಂಡಸಿನ ಭುಜಕ್ಕೆ ಹೊಲಿದವು,
ನನ್ನ ಕೈಗಳು ಅವುಗಳೊಳಗೆ
ಬಾಡಿಗೆಗಿದ್ದವು.
ಈ ಚಳಿಗಾಲಕ್ಕೆ ನನ್ನದೇ ಅಳತೆ, ನನ್ನದೇ ಹೊಲಿಗೆ
ಎಂದು ಡಿಪೋದಲ್ಲಿ ಡಂಗುರ ಸಾರಿಬಿಟ್ಟೆ.
ಅದು ಮೊದಲ ತಪ್ಪು.

ಎರಡನೆಯದು ಭಾನುವಾರ ರಾತ್ರಿಯದು.
ಅಡುಗೆಮನೆಯ ಮೇಜು ಚಿಕ್ಕದು,
ಬಟ್ಟೆ ಜೋಡಿಸಿ ಹಾಸಲು ಜಾಗವಿಲ್ಲ.
ಒಂಟಿ ಪದರದ ಮೇಲೆ ಕಾಗದದ ತೋಳಿಟ್ಟು
ಸುತ್ತ ಸೀಮೆಸುಣ್ಣ ಎಳೆದು ಕತ್ತರಿಸಿದೆ.
ಅದೇ ಕಾಗದ, ಅದೇ ಮಗ್ಗುಲು,
ಮತ್ತೊಮ್ಮೆ ಇಟ್ಟು ಕತ್ತರಿಸಿದೆ.
ನಡುವೆ ಒಂದು ಸಲ ಮಗುಚಬೇಕಿತ್ತು ಅಷ್ಟೆ,
ಹೆಂಚಿನ ಮೇಲಿನ ಆಲೂಗಡ್ಡೆ ದೋಸೆಯನ್ನು
ಮಗುಚಿದ ಹಾಗೆ.

ಹನ್ನೊಂದೂವರೆಗೆ ಕನ್ನಡಿಯ ಮುಂದೆ ನಿಂತರೆ
ಎಡಗೈಗೆ ತೋಳು ಸರಿಯಾಗಿ ಕೂತಿದೆ,
ಬಲಗೈಗೆ ಇರುವುದೂ ಎಡದ್ದೇ.
ಕೈ ಮುಂದೆ ಚಾಚಿದರೆ
ಮೊಣಕೈ ಹಿಂದಕ್ಕೆ ಜಗ್ಗುತ್ತದೆ,
ಒಂದೇ ಮೈ ಎರಡು ನಿಲ್ದಾಣಕ್ಕೆ ಹೊರಟ ಹಾಗೆ.

ಅಳಲಿಲ್ಲ. ಬೈದೆ.
ನಮ್ಮ ಭಾಷೆಯಲ್ಲಿ ಬೈಗುಳಕ್ಕೆ ಬರವಿಲ್ಲ.
ಗೋಡೆಯಾಚೆಯ ಅಪೊಲೋನಿಯಾ ಅಜ್ಜಿ ಎದ್ದು ಬಂದಳು,
ನಡುರಾತ್ರಿಯಲ್ಲಿ, ಉಪ್ಪು ಕೇಳುವ ನೆಪ.
ಎಂಬತ್ತೊಂದರ ಮುದುಕಿ,
ಮೂವತ್ತು ವರ್ಷ ಕಾರ್ಖಾನೆಯಲ್ಲಿ ಜೇಬು ಹೊಲಿದವಳು,
ಬರೀ ಬಲಜೇಬು. ಎಡದ್ದಕ್ಕೆ ಬೇರೆಯವಳಿದ್ದಳಂತೆ.

ಕೋಟು ನೋಡಿದಳು. ನನ್ನನ್ನು ನೋಡಿದಳು.
‘ಬ್ಲೇಡಿದೆಯಾ?’

ನಾಲ್ಕು ಹೊಲಿಗೆಗೊಂದು ದಾರ ಕೊಯ್ದು ಎಳೆದಳು,
ಉಣ್ಣೆಗೆ ಗೊತ್ತೇ ಆಗದ ಹಾಗೆ.
ಭುಜದಿಂದ ಬಿಡಿಸಿ,
ಕಂಕುಳಿಂದ ಮಣಿಕಟ್ಟಿನವರೆಗೆ ಬಿಚ್ಚಿ,
ಮೇಜಿನ ಮೇಲೆ ಹರಡಿ,
ಮಗುಚಿದಳು.
ಎಡದ್ದು ಬಲದ್ದಾಯಿತು,
ಪಾಚಿ ಹೋಗಿ ಬೂದಿ ಮೇಲೆ ಬಂತು.

‘ಹಸಿರು ಕೋಟಿಗೆ ಒಂದು ಬೂದು ತೋಳೇ?
ಡಿಪೋದವರು ನಗುತ್ತಾರೆ.’
‘ಅದೊಂದೇ ಇದ್ದರೆ ನಗುತ್ತಾರೆ, ಬೊಗುಮಿಲಾ.
ಕಾಲರನ್ನೂ ಮಗುಚಿ ಹೊಲಿ,
ಜೇಬಿನ ಮುಚ್ಚಳಗಳನ್ನೂ.
ಮೂರು ಕಡೆ ಕಂಡ ತಪ್ಪನ್ನು
ಯಾರೂ ತಪ್ಪೆನ್ನುವುದಿಲ್ಲ.
ನಮ್ಮ ಮೇಸ್ತ್ರಿ ಅದಕ್ಕೆ ಹೊಸ ಮಾದರಿ ಅನ್ನುತ್ತಿದ್ದ,
ಬೆಲೆಯನ್ನೂ ಏರಿಸುತ್ತಿದ್ದ.’

ಇನ್ನೂ ಮೂರು ಸಂಜೆ ಹಿಡಿಯಿತು.
ಬಲಜೇಬಿನ ಮುಚ್ಚಳ ಅಜ್ಜಿಯೇ ಹೊಲಿದಳು,
ಕಣ್ಣು ಮುಚ್ಚಿಕೊಂಡು, ಮಾತಾಡುತ್ತ.
‘ಎಡದ್ದು ನೀನೇ ಮಾಡು, ನನಗೆ ಬರುವುದಿಲ್ಲ’ ಎಂದು
ಉಪ್ಪು ತೆಗೆದುಕೊಂಡು ಹೋದಳು.
ಆರು ಗುಂಡಿ. ಒಂದರ ಕಾಜ ತುಸು ಮೇಲೆ.
ಹಾಗೇ ಬಿಟ್ಟಿದ್ದೇನೆ.
ಎಲ್ಲ ತಪ್ಪಿಗೂ ಜೊತೆ ಹುಡುಕುವಷ್ಟು
ಬಟ್ಟೆ ಉಳಿದಿಲ್ಲ.

ಸೋಮವಾರ, ಬೆಳಗಿನ ನಾಲ್ಕು,
ಹಳಿಗಳ ಮೇಲೆ ಪುಡಿಹಿಮ.
ಡಿಪೋದ ಬಾಗಿಲಲ್ಲಿ ಕಾಯೆತಾನ್
ಬಾಯಲ್ಲಿದ್ದ ಬ್ರೆಡ್ಡು ನುಂಗಿ ತಡೆದು ನಿಲ್ಲಿಸಿದ:
‘ನಿಲ್ಲು, ತೋಳಿಗೇನೋ ಹಿಟ್ಟು ಮೆತ್ತಿದೆ.’
ಕೊಡವಿದ. ಹೋಗಲಿಲ್ಲ.
ಇನ್ನೊಮ್ಮೆ ಕೊಡವಿದ, ಕೈಚೀಲ ತೆಗೆದು,
ಉಗುರಿನಿಂದ ಮೆಲ್ಲಗೆ ಕೆರೆದ.

‘ಅದು ಹೋಗುವುದಿಲ್ಲ,’ ಅಂದೆ.
‘ಅದು ಒಳಗಿನದು.’